ಮೂರು ಖಾಲಿ ಬಾಕ್ಸು ಮತ್ತು ಕೊನೆಯ ಬಸ್ಸು

ಮೇ ತಿಂಗಳ ಒಂದು ಭಾನುವಾರ ಸಂಜೆ ವಾಟ್ಸ್ಯಾಪಿಗೆ ಒಂದು ಫೋಟೊ ಬಂತು. ಕಳಿಸಿದ್ದು ಖಾನಾಪುರದಿಂದ ಅಕ್ಕನ ಮಗಳು. ಡಿಗ್ರಿ ಅಡ್ಮಿಷನ್ ಫಾರಂ. ಮೇಲೆ ಹೆಸರು, ವಿಳಾಸ, ಜಾತಿ ಪ್ರಮಾಣಪತ್ರದ ನಂಬರ್ ಎಲ್ಲ ತುಂಬಿದ್ದಾಳೆ. ಕೆಳಗೆ "ಐಚ್ಛಿಕ ವಿಷಯಗಳು" ಅಂತ ಬರೆದು ಅದರ ಮುಂದೆ ಮೂರು ಖಾಲಿ ಬಾಕ್ಸು.

"ಮಾಮಾ, ಯಾವ ಮೂರು ತಗೋಲಿ? ನಾಡಿದ್ದು ಫಾರಂ ಕೊಡಬೇಕು."

ನಾನು ಏನಂದಿರಬಹುದು ಅಂತ ನೀವು ಊಹಿಸಬಲ್ಲಿರಿ. ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಕೆಲಸ ಹಿಡಿದಿರೋ ಎಲ್ಲಾ ಮಾಮಂದಿರು ಹೇಳೋದನ್ನೇ ಹೇಳಿದೆ. "ಯಾವುದಕ್ಕೆ ಸ್ಕೋಪ್ ಇದೆ ನೋಡೋಣ, ತಡಿ." ಅಷ್ಟರಲ್ಲಿ ಅಕ್ಕ ಫೋನು ಕಸ್ಕೊಂಡಳು. "ಸ್ಕೋಪ್ ಬ್ಯಾಡ. ಆಕಿಗೆ ಏನ್ ಬೇಕಂತ ಮೊದಲ ಕೇಳು. ನನಗ ಯಾರೂ ಕೇಳಿರ್ಲಿಲ್ಲ."

ಆ ಮಾತು ಅವಳು ಸಿಟ್ಟಿನಲ್ಲಿ ಹೇಳಿದ್ದಲ್ಲ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕಂದ್ರೆ ಅವಳನ್ನ ಕೇಳದೇ ಇದ್ದವರ ಸಾಲಿನಲ್ಲಿ ನಾನೂ ಇದ್ದೆ.

ನಮ್ಮೂರು ಖಾನಾಪುರ ತಾಲೂಕಿನ ಪೂರ್ವಕ್ಕೆ, ಬೀಡಿ ಕಡೆ. ತಾಲೂಕಿನ ಪಡುವಣ ಭಾಗ ಜಾಂಬೋಟಿ, ಕಣಕುಂಬಿ, ಕಾಡು, ಮಳೆ, ಮರಾಠಿ. ನಮ್ಮ ಕಡೆ ಎರೆ ಹೊಲ, ಕನ್ನಡ. 2003ರಲ್ಲಿ ಅಕ್ಕ ಪಿಯುಸಿ ಪಾಸಾದಾಗ ಅವಳಿಗೆ ಓದಬೇಕಿದ್ದದ್ದು ಭೂಗೋಳ. ಕಣಕುಂಬಿಯಲ್ಲಿ ಹುಟ್ಟೋ ಮಲಪ್ರಭೆ ಅಷ್ಟು ಹತ್ತಿರದ ಅರಬ್ಬಿ ಸಮುದ್ರ ಬಿಟ್ಟು ಪೂರ್ವಕ್ಕೆ ಯಾಕೆ ಹರೀತದೆ ಅನ್ನೋದು ಅವಳ ಆಗಿನ ದೊಡ್ಡ ಪ್ರಶ್ನೆ. ಮನೆಗೆ ಹತ್ತಿರದ ಕಾಲೇಜಿನಲ್ಲಿ ಭೂಗೋಳ ಇರಲಿಲ್ಲ. ಅದಕ್ಕೆ ಪ್ರಾಕ್ಟಿಕಲ್ ಬೇಕು, ನಕಾಶೆ ಬೇಕು, ಕಲಿಸೋ ಮೇಷ್ಟ್ರು ಬೇಕು. ಬೆಳಗಾವಿಯಲ್ಲಿ ಇತ್ತು. ಅಪ್ಪ ಕೇಳಿದ್ದು ಒಂದೇ ಮಾತು. "ಪ್ರಾಕ್ಟಿಕಲ್ ಎಷ್ಟಕ್ಕ ಮುಗೀತದ?" ಸಂಜೆ ಐದಕ್ಕೆ. ಖಾನಾಪುರದಿಂದ ನಂದಗಡದ ಮೇಲೆ ನಮ್ಮೂರಿಗೆ ಬರೋ ಕೊನೆಯ ಬಸ್ಸು ಅಷ್ಟೊತ್ತಿಗೆ ಹೋಗಿಬಿಟ್ಟಿರ್ತಿತ್ತು. ಚರ್ಚೆ ಅಲ್ಲಿಗೆ ಮುಗೀತು. ಅಕ್ಕ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೊಂಡಳು. ನಮ್ಮ ಕಡೆ ಇದಕ್ಕೆ ಎಚ್‌ಇಪಿ ಅಂತಾರೆ. ಅವಳು ತಗೊಂಡಳು ಅನ್ನೋದಕ್ಕಿಂತ ಬಸ್ಸು ಅವಳ ಪರವಾಗಿ ಫಾರಂ ತುಂಬಿತು ಅನ್ನೋದೇ ಸರಿ.

ಈ ಬಾಕ್ಸುಗಳು ಎಲ್ಲಿಂದ ಬಂದ್ವು? ಯಾರು ಮಾಡಿದ್ದು ಈ ಮೂರು ಮೂರರ ಗಂಟು? ಅವತ್ತಿನಿಂದ ಸುಮಾರು ಎರಡು ವಾರ ರಾತ್ರಿ ಹೊತ್ತು ಇದನ್ನೇ ಹುಡುಕ್ತಾ ಕೂತೆ.

ಮೇಜರ್, ಮೈನರ್ ಅನ್ನೋ ಎರಡು ಪದ ಅಮೆರಿಕದ್ದು. 1877-78ರ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಇವು ಮೊದಲು ಕಾಣಿಸಿಕೊಂಡವು ಅಂತಾರೆ. ಅದೇ ಕಾಲಕ್ಕೆ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಎಲಿಯಟ್ ಅನ್ನೋ ಅಧ್ಯಕ್ಷರು ವಿದ್ಯಾರ್ಥಿಗೆ ಬೇಕಾದ್ದು ಆರಿಸಿಕೊಳ್ಳಲಿ ಅಂತ ಕಡ್ಡಾಯ ವಿಷಯಗಳನ್ನ ಒಂದೊಂದಾಗಿ ಕಿತ್ತು ಹಾಕ್ತಿದ್ದರು. ಅವರು 40 ವರ್ಷ ಆ ಕುರ್ಚಿಯಲ್ಲಿದ್ದರು, 1869ರಿಂದ 1909ರವರೆಗೆ. ಎಲ್ಲ ಬಿಟ್ಟುಕೊಟ್ಟ ಮೇಲೆ ಹುಡುಗರು ಸುಲಭದ ಪೇಪರುಗಳನ್ನೇ ಆರಿಸಿ ಡಿಗ್ರಿ ಒಯ್ಯತೊಡಗಿದಾರೆ ಅನ್ನೋ ದೂರು ಬಂತು. ಅವರ ನಂತರ ಬಂದ ಲೊವೆಲ್, ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರವು ಅಂತ ನಿಯಮ ತಂದರು. ಇವತ್ತು ನಾವು ಮೇಜರ್ ಅನ್ನೋದು ಹೀಗೆ ಎರಡು ತುದಿಗಳ ನಡುವಿನ ರಾಜಿ.

ನಮಗೆ ಬಂದದ್ದು ಆ ದಾರಿಯಲ್ಲ. 1857ರಲ್ಲಿ ಬಾಂಬೆ, ಕಲ್ಕತ್ತಾ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ. ಆ ಮಾದರಿಯ ಗುಟ್ಟು ಇಷ್ಟೇ: ವಿಶ್ವವಿದ್ಯಾಲಯ ಪಾಠ ಹೇಳೋದಿಲ್ಲ, ಪರೀಕ್ಷೆ ಮಾಡುತ್ತೆ. ಪಾಠ ಹೇಳೋದು ಎಲ್ಲೋ ದೂರದ ಕಾಲೇಜು. ನೂರಾರು ಮೈಲಿ ಹರಡಿದ ಕಾಲೇಜುಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಹೊತ್ತಿಗೆ. ಹಾಗಾದರೆ ವಿಷಯಗಳನ್ನ ಗಂಟು ಕಟ್ಟಲೇಬೇಕು. ನನಗೆ ಬೇಕಾದ ಎರಡು ವಿಷಯಗಳ ಪರೀಕ್ಷೆ ಒಂದೇ ಬೆಳಿಗ್ಗೆ ಬಿದ್ದರೆ ನಾನು ಬರೆಯೋದು ಹೆಂಗೆ? ವಿಷಯಗಳ ಗುಂಪು ಅನ್ನೋದರ ಹಿಂದೆ ಜ್ಞಾನದ ದೊಡ್ಡ ತತ್ವ ಇರಬಹುದು ಅಂದ್ಕೊಂಡಿದ್ದೆ. ಬಹುಪಾಲು ಅದು ಟೈಮ್‌ಟೇಬಲ್.

ಇನ್ನು ಆ ಕಾಲೇಜು ಎಲ್ಲಿತ್ತು ಅನ್ನೋದು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗೋ ತನಕ ಬೆಳಗಾವಿ, ಧಾರವಾಡದ ಹುಡುಗರು ಡಿಗ್ರಿ ಓದಬೇಕಂದ್ರೆ ಸಾಮಾನ್ಯವಾಗಿ ಪುಣೆಯದೋ ಮುಂಬೈಯದೋ ದಾರಿ ಹಿಡೀಬೇಕಿತ್ತು. ಧಾರವಾಡದಲ್ಲೇ ಹುಟ್ಟಿದ ಬೇಂದ್ರೆಯವರು 1918ರಲ್ಲಿ ಬಿಎ ಮುಗಿಸಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಖಾನಾಪುರದ ಮೇಲೆ ಹಾದುಹೋಗೋ ಲೋಂಡಾ, ಬೆಳಗಾವಿ, ಮೀರಜ್, ಪುಣೆ ಹಳಿ ಆಗ ಬರೀ ಸರಕು ಸಾಗಿಸ್ತಿರಲಿಲ್ಲ, ಪದವೀಧರರನ್ನೂ ಸಾಗಿಸ್ತಿತ್ತು. ತಮಾಷೆ ಅಂದ್ರೆ ಕರ್ನಾಟಕ ಕಾಲೇಜು ಮುಂದೆ ನೆಲೆ ನಿಂತ ಕಟ್ಟಡವೂ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದದ್ದೇ.

ಬೆಳಗಾವಿಯ ಕತೆ ಬೇರೆ. 1916ರ ನವೆಂಬರ್ 13ರಂದು ಏಳು ಜನ ಯುವ ಶಿಕ್ಷಕರು ಸೇರಿ ಇಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ತೆರೆದರು. ಅದೇ ಕೆಎಲ್‌ಇ ಸಂಸ್ಥೆಯ ಬುಡ. ಆ ಏಳು ಜನರನ್ನ ಇವತ್ತಿಗೂ ನಮ್ಮ ಕಡೆ ಸಪ್ತರ್ಷಿಗಳು ಅಂತಾರೆ. ಶಾಲೆಯಿಂದ ಕಾಲೇಜಿಗೆ ಬರೋಕೆ 17 ವರ್ಷ ಹಿಡೀತು. 1933ರಲ್ಲಿ ಲಿಂಗರಾಜ ಕಾಲೇಜು ಶುರುವಾಯ್ತು, ತನ್ನ ಆಸ್ತಿಯನ್ನ ಮಕ್ಕಳ ವಿದ್ಯೆಗೆ ಅಂತ ಬರೆದಿಟ್ಟು 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರ ಹೆಸರಿನಲ್ಲಿ. 1945ರಲ್ಲಿ ರಾಣಿ ಪಾರ್ವತಿ ದೇವಿ ಕಾಲೇಜು ಬಂತು. ಎರಡೂ ಆಗ ಬಾಂಬೆ ವಿಶ್ವವಿದ್ಯಾಲಯದ ಕೆಳಗೆ. ಪಾಠ ಬೆಳಗಾವಿಯಲ್ಲಿ ನಡೆದರೂ ಏನು ಓದಬೇಕು ಅನ್ನೋದು ಮುಂಬೈಯಲ್ಲಿ ತೀರ್ಮಾನ ಆಗ್ತಿತ್ತು. 1949ರ ಕಾಯ್ದೆಯಿಂದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ ಧಾರವಾಡಕ್ಕೆ ಬಂದ ಮೇಲೆ ತೀರ್ಮಾನದ ಜಾಗ 80 ಕಿಲೋಮೀಟರ್ ಹತ್ತಿರಕ್ಕೆ ಬಂತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಮೇಲೆ ಬೆಳಗಾವಿಗೇ ಬಂತು.

ಕಾಲೇಜು ಹತ್ತಿರ ಬಂದದ್ದರಿಂದ ಏನಾಯ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಬೆಳಗಾವಿ ಜಿಲ್ಲೆಯ ಘೋಡಗೇರಿ ಅನ್ನೋ ಹಳ್ಳಿಯ ಬಡ ಮನೆಯ ಹುಡುಗನೊಬ್ಬ ಲಿಂಗರಾಜ ಕಾಲೇಜಿನಲ್ಲಿ ಬಿಎ ಓದಿದ. ಆಮೇಲೆ ಧಾರವಾಡದಲ್ಲಿ ಕನ್ನಡ ಎಂಎ. ಅವರೇ ಚಂದ್ರಶೇಖರ ಕಂಬಾರ. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಸಾಲಿನ ಜ್ಞಾನಪೀಠ. ಡಿಗ್ರಿಯ ದಾರಿ ಇನ್ನೂ ಪುಣೆಯ ಮೇಲೇ ಹೋಗ್ತಿದ್ದಿದ್ದರೆ ಆ ಮನೆಯಿಂದ ಅಲ್ಲಿಗೆ ಹೋಗೋದು ಎಷ್ಟು ಕಷ್ಟ ಇತ್ತು ಯೋಚಿಸಿ.

ಅಂದಹಾಗೆ ಕನ್ನಡವನ್ನ ಎಂಎಗೆ ಓದಬಹುದು ಅನ್ನೋದೂ ಮೊದಲಿನಿಂದ ಇದ್ದ ಸಂಗತಿ ಏನಲ್ಲ. ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಸಂಸ್ಕೃತ, ಪರ್ಷಿಯನ್, ಲ್ಯಾಟಿನ್ ಓದಬಹುದಿತ್ತು, ದೇಶಭಾಷೆಗಳಿಗೆ ಮೇಲಿನ ತರಗತಿಗಳಲ್ಲಿ ಜಾಗ ಇರಲಿಲ್ಲ. ಮರಾಠಿ, ಗುಜರಾತಿ, ಕನ್ನಡಗಳನ್ನ ಒಳಗೆ ಬಿಡಿ ಅಂತ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ವರ್ಷಗಟ್ಟಲೆ ವಾದ ಮಾಡಿದರು. ಬಾಗಿಲು ತೆರೆಯೋ ಹೊತ್ತಿಗೆ 20ನೇ ಶತಮಾನ ಹೊಸ್ತಿಲಲ್ಲಿತ್ತು. ಇವತ್ತು ಬೆಳಗಾವಿಯಲ್ಲಿ ಕನ್ನಡದ ಪರ, ಮರಾಠಿಯ ಪರ ಅಂತ ಬೋರ್ಡುಗಳಿಗೆ ಮಸಿ ಬಳಿಯೋರಿಗೆ, ಒಂದು ಕಾಲಕ್ಕೆ ಎರಡೂ ಭಾಷೆ ಒಂದೇ ಬಾಗಿಲ ಹೊರಗೆ ಒಟ್ಟಿಗೆ ನಿಂತಿದ್ದವು ಅಂತ ಯಾರಾದರೂ ಹೇಳಬೇಕು.

ಹಾಗಂತ ಆಯ್ಕೆ ಸಿಕ್ಕವರೆಲ್ಲ ಇಷ್ಟವಾದದ್ದನ್ನೇ ಆರಿಸಿದರು ಅಂತಲೂ ಇಲ್ಲ. ಗಿರೀಶ ಕಾರ್ನಾಡರು 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಬಿಎ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ನಾಟಕಕಾರನಿಗೆ ಗಣಿತ ಯಾಕೆ? ಗಣಿತದಲ್ಲಿ ಅಂಕ ಜಾಸ್ತಿ ಬೀಳ್ತವೆ, ಅಂಕ ಬಿದ್ದರೆ ಸ್ಕಾಲರ್‌ಶಿಪ್ ಸಿಗ್ತದೆ, ಸ್ಕಾಲರ್‌ಶಿಪ್ ಸಿಕ್ಕರೆ ವಿದೇಶಕ್ಕೆ ಹೋಗಬಹುದು ಅನ್ನೋ ಲೆಕ್ಕದಿಂದಲೇ ಅದನ್ನ ಆರಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಲೆಕ್ಕ ಸರಿಹೋಯ್ತು. ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್‌ಗೆ ಹೋದರು, ಅಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. 'ಯಯಾತಿ' ಪ್ರಕಟವಾದದ್ದು 1961ರಲ್ಲಿ. ಅಂದರೆ ಅವರ ನಿಜವಾದ ವಿಷಯ ಅವರ ಯಾವ ಅಂಕಪಟ್ಟಿಯಲ್ಲೂ ಇಲ್ಲ. ಈ ಮಾತು ನನಗೆ ಸಮಾಧಾನ ಕೊಟ್ಟಿತು. ಹಾಗೇ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಅವರ ಮನೆ ಧಾರವಾಡದಲ್ಲೇ ಇತ್ತು. ಕೊನೆಯ ಬಸ್ಸಿನ ಲೆಕ್ಕ ಅವರ ಲೆಕ್ಕದಲ್ಲಿ ಬರಲಿಲ್ಲ.

ಈಗ ಪಿಸಿಎಂ, ಸಿಬಿಜಡ್, ಎಚ್‌ಇಪಿ ಅನ್ನೋ ನಮ್ಮ ಗಂಟುಗಳಿಗೆ ಬರೋಣ. ಇವು ಟೈಮ್‌ಟೇಬಲ್‌ನಲ್ಲಿ ಹುಟ್ಟಿದವು ಅಂದೆ. ಆದರೆ ಅಲ್ಲೇ ಉಳೀಲಿಲ್ಲ. ಕರ್ನಾಟಕದಲ್ಲಿ ಹೈಸ್ಕೂಲ್ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ನೋಡಿ, ಹುದ್ದೆಯ ಹೆಸರೇ ಹಾಗಿರುತ್ತೆ: ಸಹ ಶಿಕ್ಷಕ (ಪಿಸಿಎಂ), ಸಹ ಶಿಕ್ಷಕ (ಸಿಬಿಜಡ್). ಕಾಲೇಜಿನ ಅನುಕೂಲಕ್ಕೆ ಕಟ್ಟಿದ ಗಂಟು ನೌಕರಿಯ ಹೆಸರಾಯ್ತು, ನೌಕರಿಯ ಹೆಸರು ನೇಮಕಾತಿ ನಿಯಮವಾಯ್ತು. ನನ್ನ ಪಿಯುಸಿ ಗೆಳೆಯನೊಬ್ಬ ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡ. ಆಸಕ್ತಿಯಿಂದಲೇ ತಗೊಂಡ, ಚೆನ್ನಾಗೇ ಓದಿದ. ಏಳು ವರ್ಷ ಆದಮೇಲೆ ಒಂದು ಅರ್ಜಿ ತುಂಬೋಕೆ ಕೂತಾಗ ಅವನ ಕಾಂಬಿನೇಷನ್ ಪಟ್ಟಿಯಲ್ಲೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾ ಕಳಿಸೋನು ಫಾರ್ಮ್ಯಾಟ್ ಬದಲಿಸಿದ, ತಗೊಳ್ಳೋ ಸಿಸ್ಟಂ ಹಳೇದೇ ಉಳೀತು. ಎರರ್ ಬಂದದ್ದು ಮಾತ್ರ ನಡುವೆ ಸಿಕ್ಕವನ ಪಾಲಿಗೆ.

2021ರಲ್ಲಿ ಇದೇ ಕತೆ ರಾಜ್ಯದ ಅಳತೆಯಲ್ಲಿ ನಡೀತು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನ ಡಿಗ್ರಿಗೆ ಮೊದಲು ತಂದ ರಾಜ್ಯ ಅಂತ ಕರ್ನಾಟಕ ಹೆಸರು ಮಾಡಿತು. ಮೂರು ವಿಷಯಗಳ ಗಂಟು ಬಿಚ್ಚಿದರು. ಮೊದಲೆರಡು ವರ್ಷ ಎರಡು ಮುಖ್ಯ ವಿಷಯ, ಮೂರನೇ ವರ್ಷಕ್ಕೆ ಒಂದು ಮೇಜರ್, ಇನ್ನೊಂದು ಮೈನರ್, ಬೇಕಿದ್ದರೆ ಎರಡೂ ಮೇಜರ್. ಜೊತೆಗೆ ಬೇರೆ ವಿಭಾಗದ ಓಪನ್ ಇಲೆಕ್ಟಿವ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಓದೋಕೆ ಚಂದ. ಆದರೆ ಅತಿಥಿ ಉಪನ್ಯಾಸಕರ ಮೇಲೆ ನಿಂತಿರೋ ತಾಲೂಕು ಕಾಲೇಜಿನಲ್ಲಿ ಓಪನ್ ಇಲೆಕ್ಟಿವ್ ಅಂದ್ರೆ ಏನು? ಅವತ್ತು ಯಾವ ಮೇಷ್ಟ್ರು ಖಾಲಿ ಇದ್ದಾರೋ ಆ ವಿಷಯ. ಮುಂದೆ ಸರ್ಕಾರ ಬದಲಾಯ್ತು. 2023ರಲ್ಲಿ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. 2024ರ ಮೇ ತಿಂಗಳ ಆದೇಶದಿಂದ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ. ನಡುವೆ ಸೇರಿದ 2021, 2022, 2023ರ ಮೂರು ಬ್ಯಾಚಿನ ಹುಡುಗರು ಹಳೆಯದೂ ಅಲ್ಲದ ಹೊಸದೂ ಅಲ್ಲದ ಅಂಕಪಟ್ಟಿ ಹಿಡ್ಕೊಂಡು, ಪ್ರತಿ ನೇಮಕಾತಿಯಲ್ಲೂ ಮೇಜರ್ ಅಂದ್ರೇನು ಅಂತ ವಿವರಿಸಬೇಕಾಗಿದೆ.

ನೀತಿ ಒಳ್ಳೇದಿತ್ತೋ ಕೆಟ್ಟದಿತ್ತೋ ಅನ್ನೋ ಜಗಳ ನನಗೆ ಬೇಡ. ಆಯ್ಕೆ ಕೊಡೋದು ಅಂದ್ರೆ ಬಾಕ್ಸು ಖಾಲಿ ಬಿಡೋದಲ್ಲ. ಮೇಷ್ಟ್ರು, ಬಸ್ಸು, ನೇಮಕಾತಿ ನಿಯಮ ಮೂರೂ ಒಟ್ಟಿಗೆ ಬದಲಾಗಬೇಕು. ನೂರು ವರ್ಷದ ಈ ಕತೆ ನನಗೆ ಹೇಳಿದ್ದು ಇದೊಂದೇ.

ನನ್ನ ಬಿಇ ಕತೆಯೂ ಇದಕ್ಕಿಂತ ಬೇರೆ ಇಲ್ಲ. 1998ರಲ್ಲಿ ವಿಟಿಯು ಸ್ಥಾಪನೆಯಾಗಿ ಅದರ ಮುಖ್ಯ ಕಚೇರಿ ಬೆಳಗಾವಿಯ ಹೊರಗೆ ಜ್ಞಾನಸಂಗಮದಲ್ಲಿ ಬಂದಾಗ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಸಿಲಬಸ್ ಎಲ್ಲ ಒಂದಾಯ್ತು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ನನ್ನ ರ್‍ಯಾಂಕಿಗೆ ಯಾವ ಬ್ರ್ಯಾಂಚ್ ಉಳಿದಿತ್ತೋ ಅದೇ ನನ್ನ ಆಸಕ್ತಿ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ಆಮೇಲೆ ಇಲೆಕ್ಟಿವ್ ಪಟ್ಟಿಯಲ್ಲಿ ಐದಾರು ಹೆಸರು, ಕ್ಲಾಸಿನಲ್ಲಿ ನಡೆಯೋದು ಎರಡು. ಈಗಿನವರಿಗೆ ಸ್ವಲ್ಪ ವಾಸಿ. 2018ರ ಎಐಸಿಟಿಇ ಮಾದರಿ ಪಠ್ಯಕ್ರಮ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಮಾಡಿದರೆ ಬಿಇ ಜೊತೆ ಇನ್ನೊಂದು ವಿಷಯದ ಮೈನರ್ ಕೊಡೋಕೆ ದಾರಿ ಮಾಡಿದೆ.

ನನ್ನ ಮೈನರ್ ನಾನೇ ಮಾಡ್ಕೊಂಡೆ, ಕ್ರೆಡಿಟ್ ಇಲ್ಲದೆ. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ರಜೆಗೆ ಊರಿಗೆ ಹೋದಾಗ ಹಲಸಿಗೆ ಹೋಗಿದ್ದೆ, ನಮ್ಮೂರಿಂದ ಬೈಕಿನಲ್ಲಿ ಹೋಗಿ ಬರೋ ದೂರ. ಕದಂಬರ ಪಲಾಸಿಕ ಅಂದ್ರೆ ಅದೇ ಊರು, ಅವರ ತಾಮ್ರಪಟಗಳು ಸಿಕ್ಕಿದ್ದು ಅಲ್ಲೇ. ಚಿಕ್ಕಂದಿನಿಂದ ಆ ಊರಿನ ಜಾತ್ರೆ ನೋಡಿದ್ದೆ, ಇದು ಗೊತ್ತಿರಲಿಲ್ಲ. ಅವತ್ತಿನಿಂದ ಇತಿಹಾಸ ಓದೋ ಚಟ ಹತ್ತಿತು. ಆಗ ನೆನಪಾಯ್ತು: ಅಕ್ಕನ ಎಚ್‌ಇಪಿ ಪುಸ್ತಕಗಳು ನಮ್ಮ ಮನೆಯ ಅಟ್ಟದ ಮೇಲೇ ಇದ್ದವು. ನನಗೆ ಬೇಕಿದ್ದ ವಿಷಯ ಅವಳಿಗೆ ಸಿಕ್ಕಿತ್ತು. ಅವಳಿಗೆ ಬೇಕಿದ್ದದ್ದು ಇಬ್ಬರಿಗೂ ಸಿಗಲಿಲ್ಲ.

ಎರಡು ವಾರದ ಓದು ಮುಗಿಯೋ ತನಕ ಫಾರಂ ಕಾಯಲಿಲ್ಲ, ಅವಳಿಗೆ ಎರಡೇ ದಿನ ಟೈಮ್ ಇತ್ತು. ಮರುದಿನ ಸಂಜೆ ಫೋನು ಮಾಡಿ, ಸ್ಕೋಪ್ ಅನ್ನೋ ಪದ ಬಿಟ್ಟು ನಾಲ್ಕು ಪ್ರಶ್ನೆ ಕೇಳಿದೆ. ನಿಮ್ಮ ಮನೆಯಲ್ಲೂ ಈ ವರ್ಷ ಯಾರಾದರೂ ಫಾರಂ ಹಿಡ್ಕೊಂಡು ಕೂತಿದ್ದರೆ ಕೇಳಿ ನೋಡಿ. ಪರೀಕ್ಷೆ ಇಲ್ಲದಿದ್ದರೂ ಓದ್ತೀನಿ ಅನ್ನಿಸೋ ವಿಷಯ ಯಾವುದು? ಅದನ್ನ ಕಲಿಸೋ ಕಾಯಂ ಮೇಷ್ಟ್ರು ಆ ಕಾಲೇಜಿನಲ್ಲಿ ಇದ್ದಾರಾ, ಸೀನಿಯರ್‌ಗಳನ್ನ ಕೇಳಿದ್ಯಾ? ಆ ವಿಷಯದ ಜೊತೆ ಉಳಿದೆರಡು ಸೇರಿದರೆ ಬಿಎಡ್‌ಗೆ, ಎಂಎಗೆ, ನೇಮಕಾತಿಗೆ ಬಾಗಿಲು ಮುಚ್ಚೋದಿಲ್ಲ ತಾನೇ, ಹಳೆಯ ಅಧಿಸೂಚನೆ ತೆಗೆದು ನೋಡಿದ್ಯಾ? ಕೊನೆಯದು, ದಿನಾ ಹೋಗಿ ಬರೋದು ಹೆಂಗೆ?

ಮೊದಲನೆಯದಕ್ಕೆ ಅವಳು ತಟ್ಟನೆ ಉತ್ತರ ಕೊಟ್ಟಳು. ಭೂಗೋಳ. ಅಮ್ಮನ ಬಾಯಿಂದ ಮಲಪ್ರಭೆಯ ಕತೆ ಕೇಳಿಯೇ ಬೆಳೆದವಳು, ನಾನು ಆಶ್ಚರ್ಯಪಡಬೇಕಿರಲಿಲ್ಲ. ಎರಡನೆಯದು, ಮೂರನೆಯದಕ್ಕೆ ಮರುದಿನ ಬೆಳಗಾವಿಗೆ ಹೋಗಿ ಉತ್ತರ ತಂದಳು. ಭೂಗೋಳದ ಜೊತೆ ಇತಿಹಾಸ, ಅರ್ಥಶಾಸ್ತ್ರ ಅಂತ ಬರೆದು ಫಾರಂ ಕೊಟ್ಟುಬಂದಳು.

ನಾಲ್ಕನೆಯದು ಇನ್ನೂ ಬಗೆಹರಿದಿಲ್ಲ. ಮೊನ್ನೆ ಅಕ್ಕ ಫೋನು ಮಾಡಿದಳು. ಖುಷಿಯಲ್ಲಿದ್ದಳು, ಮಗಳ ಹೊಸ ಅಟ್ಲಾಸ್ ತಾನೇ ಮೊದಲು ಬಿಚ್ಚಿ ನೋಡಿದೆ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಅಲ್ಲೋ, ಪ್ರಾಕ್ಟಿಕಲ್ ಎಷ್ಟಕ್ಕ ಮುಗೀತದಂತ?"

ಥೇಟ್ ಅಪ್ಪನ ದನಿ. ನಾನು ನಕ್ಕೆ. ಅವಳು ನಗಲಿಲ್ಲ. ಖಾನಾಪುರದಿಂದ ನಂದಗಡದ ಮೇಲೆ ಬರೋ ಬಸ್ಸುಗಳ ಟೈಮ್ ಒಂದು ಹಾಳೆಯಲ್ಲಿ ಬರೆದು ಇಟ್ಕೊಂಡಿದ್ದಳು, ಒಂದೊಂದಾಗಿ ಓದಿ ಹೇಳಿದಳು. ಹೊಂದದ ದಿನ ಬೆಳಗಾವಿಯಲ್ಲಿ ಉಳಿಯೋಕೆ ಒಂದು ಹಾಸ್ಟೆಲ್ ನೋಡಬೇಕು ಅಂತ ಮಾತಾಯ್ತು. ಬರೋ ಶನಿವಾರ ನಾನು ಊರಿಗೆ ಹೊರಟಿದ್ದೀನಿ.